ಏಕತಾರಿಯಿಂದ ಧ್ವನಿಸುರುಳಿಗೆ

ಹಾಡು ಯಾರದು? ಕಟ್ಟಿದವನದೋ, ಹಾಡಿದವನದೋ, ಕೇಳಿ ನೆನಪಿನಲ್ಲಿಟ್ಟುಕೊಂಡವನದೋ? ಕಾವ್ಯದ ಮಟ್ಟಿಗೆ ಈ ಪ್ರಶ್ನೆ ಅಷ್ಟಾಗಿ ತೊಡಕಿನದಲ್ಲ. ಪಂಪನ ಕಾವ್ಯ ಪಂಪನದು. ಓದುವವರು ಇರಲಿ ಬಿಡಲಿ, ಓಲೆಯ ಮೇಲೆ ಅದು ತನ್ನ ಪಾಡಿಗೆ ತಾನು ಉಳಿದು ಬಂದಿತು. ಆದರೆ ಹಾಡಾಗಿಯೇ ಹುಟ್ಟಿ ಬಾಯಿಂದ ಬಾಯಿಗೆ ನಡೆದು ಬಂದ ಸಾಹಿತ್ಯದ ಪಾಡು ಬೇರೆ. ಹಾಡುವವರಿಲ್ಲದೆ ಎರಡು ತಲೆಮಾರು ಕಳೆದರೆ ಅದು ಅಚ್ಚಿನ ಪುಟದಲ್ಲಿ ಅಕ್ಷರವಾಗಿ ಉಳಿದೀತೇ ಹೊರತು ಹಾಡಾಗಿ ಉಳಿಯಲಾರದು. ಇಂಥ ಸಾಹಿತ್ಯವನ್ನು ಬೇರೊಂದು ಸಂಗೀತಪದ್ಧತಿಯಲ್ಲಿ ಪಳಗಿದ ಗಾಯಕನೊಬ್ಬ ಕೈಗೆತ್ತಿಕೊಂಡು ತನ್ನ ರೀತಿಯಲ್ಲಿ ಹಾಡಿದಾಗ ಅದಕ್ಕೆ ದೊರೆಯುವುದೇನು, ಅದರಿಂದ ಜಾರಿಹೋಗುವುದೇನು ಎಂಬುದನ್ನು ಶಿಶುನಾಳ ಶರೀಫರ ಪದಗಳನ್ನು ಮುಂದಿಟ್ಟುಕೊಂಡು ವಿಚಾರಿಸಬೇಕೆಂದಿದ್ದೇನೆ.

ಈ ವಿಚಾರ ನಮ್ಮ ನಾಡಿಗಷ್ಟೇ ಸೇರಿದುದಲ್ಲ. ಆಫ್ರಿಕಾ ಮೂಲದ ಅಮೆರಿಕನ್ನರು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ರೂಪಿಸಿದ ಜಾಜ್ ಎಂಬ ಸಂಗೀತಪದ್ಧತಿಯುಂಟು. ಒಬ್ಬರು ಕಟ್ಟಿದ ಹಾಡನ್ನು ಮತ್ತೊಬ್ಬರು ಎತ್ತಿಕೊಂಡು, ಅದರ ಲಯವನ್ನು ಸಡಿಲಿಸಿ, ಸ್ವರಗಳನ್ನು ಹಿಗ್ಗಿಸಿ ಕುಗ್ಗಿಸಿ, ಅಲ್ಲಿಯವರೆಗೆ ಯಾರಿಗೂ ಕೇಳಿಸದೆ ಇದ್ದ ಅರ್ಥವನ್ನು ಕೇಳಿಸುವುದು ಆ ಪದ್ಧತಿಯ ಜೀವಾಳ. 1956ರಲ್ಲಿ ಎಲಾ ಫಿಟ್ಜೆರಾಲ್ಡ್ ಎಂಬ ಜಾಜ್ ಗಾಯಕಿ ಕೋಲ್ ಪೋರ್ಟರ್ ಎಂಬ ರಂಗಗೀತಕಾರನೊಬ್ಬನ ರಚನೆಗಳನ್ನೇ ಆರಿಸಿಕೊಂಡು ಒಂದು ಧ್ವನಿಮುದ್ರಿಕೆಯನ್ನು ಹೊರತಂದಳು. ಒಬ್ಬ ಗೀತಕಾರ, ಒಬ್ಬ ಗಾಯಕಿ, ಒಂದು ಮುದ್ರಿಕೆ ಎಂಬ ಮಾದರಿಗೆ ಅದು ಹೆಸರಾಯಿತು. ಮುಂದೆ ರಾಕ್ ಸಂಗೀತದ ಕಾಲ ಬಂದಾಗ ಜಾಜ್ ಕಲಾವಿದರು ಆ ಗೀತಕಾರರ ಕಡೆಗೂ ತಿರುಗಿದರು. ಹರ್ಬಿ ಹ್ಯಾನ್‌ಕಾಕ್ ಎಂಬ ಪಿಯಾನೋವಾದಕ ಜೋನಿ ಮಿಚೆಲ್ ಎಂಬ ಗೀತಕಾರ್ತಿಯ ಹಾಡುಗಳನ್ನು ಜಾಜಿನ ರೀತಿಯಲ್ಲಿ ಮರುಕಟ್ಟಿ 2007ರಲ್ಲಿ ಹೊರತಂದ ಮುದ್ರಿಕೆಗೆ ಮರುವರ್ಷ ಗ್ರ್ಯಾಮಿ ಪ್ರಶಸ್ತಿಯ ಅಗ್ರಗೌರವವೇ ಸಂದಿತು. ಮೂಲ ಹಾಡಿನ ಮೋಹವುಳ್ಳವರು ಇಂಥ ಸಂದರ್ಭದಲ್ಲಿ ‘ಆ ಹಳೆಯ ಧಾಟಿ ಎಲ್ಲಿ ಹೋಯಿತು?’ ಎಂದು ಕೇಳುವುದು ಸಹಜ. ಬದಲಾದ ಧಾಟಿಯಲ್ಲಿ ಹಾಡು ಮತ್ತೊಮ್ಮೆ ಹುಟ್ಟಿತೆ, ಇಲ್ಲವೆ ಎಂದು ಕೇಳುವುದು ಅದಕ್ಕಿಂತ ಉಪಯುಕ್ತ.

ಕನ್ನಡದಲ್ಲಿ ಇಂಥ ಮರುಹುಟ್ಟು ಹೊಸತೇನಲ್ಲ. ಜೈಪುರ-ಅತ್ರೌಳಿ ಘರಾಣೆಯ ಮಲ್ಲಿಕಾರ್ಜುನ ಮನಸೂರರು ವಚನಗಳನ್ನು ಖ್ಯಾಲ್ ಗಾಯನದ ಸಂಸ್ಕಾರದಿಂದ ಹಾಡಿದರು. ಭೀಮಸೇನ ಜೋಶಿಯವರು ಹರಿದಾಸರ ಪದಗಳನ್ನು ಹಿಂದುಸ್ತಾನಿ ರಾಗಗಳಲ್ಲಿ ಹಾಡಿ ಕನ್ನಡ ಬಾರದವರಿಗೂ ಮುಟ್ಟಿಸಿದರು. ನಮ್ಮ ರಾಯಚೂರು ಸೀಮೆಯ ಸಿದ್ಧರಾಮ ಜಂಬಲದಿನ್ನಿಯವರ ವಚನಗಾಯನವನ್ನು ಕೇಳಿದವರು ಅದನ್ನು ಮರೆಯುವಂತಿಲ್ಲ. ಆದರೆ ಇವರೆಲ್ಲರ ಪ್ರಯೋಗಕ್ಕೂ ಶರೀಫರ ಪದಗಳಿಗೆ ಒದಗಿದ ಅನುಭವಕ್ಕೂ ಒಂದು ಅಂತರವುಂಟು. ವಚನವೂ ದಾಸರ ಪದವೂ ಆಗಲೇ ನಾಡೆಲ್ಲ ಅರಿತ ಸಾಹಿತ್ಯ. ಶರೀಫರ ಪದಗಳಾದರೋ ಉತ್ತರದ ಕೆಲವು ಜಿಲ್ಲೆಗಳ ಭಜನೆಯ ಮನೆಗಳಲ್ಲಿ ಉಸಿರಾಡಿಕೊಂಡಿದ್ದು, ಒಂದೇ ದಶಕದೊಳಗೆ ಬೀದರಿನಿಂದ ಚಾಮರಾಜನಗರದವರೆಗಿನ ಕನ್ನಡಿಗರ ಬಾಯಿಗೆ ಬಂದವು. ಅದಕ್ಕೆ ಕಾರಣವಾದದ್ದು ಧ್ವನಿಸುರುಳಿ, ನಾವು ಕ್ಯಾಸೆಟ್ಟು ಎಂದು ಕರೆಯುತ್ತಿದ್ದ ಅಂಗೈಯಗಲದ ಪೆಟ್ಟಿಗೆ.

ಶರೀಫರು ಹುಟ್ಟಿದ್ದು 1819ರ ಜುಲೈ 3ರಂದು, ಇಂದಿನ ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲ್ಲೂಕಿನ ಶಿಶುನಾಳದಲ್ಲಿ. ತಂದೆ ಇಮಾಮ ಸಾಹೇಬರು, ತಾಯಿ ಹಜ್ಜೂಮಾ. ಕಳಸದ ಗೋವಿಂದ ಭಟ್ಟರೆಂಬ ಬ್ರಾಹ್ಮಣ ಗುರುಗಳು ಅವರನ್ನು ಶಿಷ್ಯರನ್ನಾಗಿ ಸ್ವೀಕರಿಸಿದ ಸಂಗತಿ ಆ ಕಾಲಕ್ಕೂ, ಏಕೆ, ಎಲ್ಲ ಕಾಲಕ್ಕೂ ದೊಡ್ಡ ಸಂಗತಿಯೇ. ಶಿಶುನಾಳಾಧೀಶನ ಅಂಕಿತದಲ್ಲಿ ಅವರು ಪದಗಳನ್ನು ಕಟ್ಟಿದರು; ಮೊಹರಮ್ಮಿನ ಅಲಾವಿ ಕುಣಿತಕ್ಕೆಂದು ರಿವಾಯತ್ ಪದಗಳನ್ನೂ ಕಟ್ಟಿದರು. 1889ರ ಜುಲೈ 3ರಂದು, ಹುಟ್ಟಿದ ದಿನವೇ, ಎಪ್ಪತ್ತು ತುಂಬಿ ತೀರಿಕೊಂಡರು. ಅವರ ಗದ್ದುಗೆಗೆ ಹಿಂದೂಗಳೂ ಮುಸಲ್ಮಾನರೂ ನಡೆದುಕೊಳ್ಳುತ್ತಾರೆ. ತಿಂಥಣಿಯ ಮೌನೇಶ್ವರನಿಗೂ ಕೊಡೇಕಲ್ಲ ಬಸವಣ್ಣನಿಗೂ ನಡೆದುಕೊಳ್ಳುವ ನಮ್ಮ ಕೃಷ್ಣಾ ತೀರದ ಜನಕ್ಕೆ ಇದರಲ್ಲಿ ಬೆರಗೆನಿಸುವುದೇನೂ ಇಲ್ಲ. ಶರೀಫರ ಪದಗಳು ನಮ್ಮ ಕಡೆಯ ಭಜನೆಗಳಲ್ಲಿ ಪರಕೀಯವೆನಿಸದೆ ಬೆರೆತುಹೋದದ್ದಕ್ಕೆ ಇದೂ ಒಂದು ಕಾರಣವಿದ್ದೀತು.

ಆ ಪದಗಳ ಸಾಮಗ್ರಿಯೆಲ್ಲ ಹಳ್ಳಿಯ ಮನೆಯೊಳಗಿನದು, ಹೊಲದ್ದು, ಸಂತೆಯದು. ಸೋರುವ ಮಾಳಿಗೆ, ಹುಕ್ಕಾದ ಗುಡುಗುಡಿ, ಕೋತಿಯನ್ನೇ ನುಂಗುವ ಕೋಳಿ, ನುಡಿಸಲು ಬಾರದವನ ಕೈಗೆ ಸಿಕ್ಕ ತಂಬೂರಿ—ಇವೆಲ್ಲ ದೇಹಕ್ಕೂ ಮನಸ್ಸಿಗೂ ಸಂಕೇತಗಳು. ಮಾಳಿಗೆಯ ಪದವನ್ನೇ ತೆಗೆದುಕೊಳ್ಳಿ. ಜಂತಿ-ತೊಲೆಗಳ ಮೇಲೆ ಮಣ್ಣು ಹಾಸಿದ ಮಾಳಿಗೆಯ ಮನೆಯಲ್ಲಿ ಬಾಳಿದವರಿಗೆ ಮಳೆಗಾಲದ ಮುನ್ನ ಮೇಲೆ ಹೊಸ ಮಣ್ಣು ಹಾಕದೆ ಹೋದರೆ ಏನಾಗುತ್ತದೆಂಬುದು ಗೊತ್ತು. ನಡುರಾತ್ರಿ ಹನಿ ತೊಟ್ಟಿಕ್ಕತೊಡಗಿದಾಗ ಕತ್ತಲಲ್ಲಿ ಮೇಲೇರುವವರು ಯಾರು? ಈ ಅನುಭವವಿದ್ದವನಿಗೆ ಆ ಪದ ಮೊದಲು ಮನೆಯ ಮಾತಾಗಿ ಕೇಳಿಸಿ, ಆಮೇಲೆ ತನ್ನ ದೇಹದ ಮಾತಾಗಿ ಕೇಳಿಸುತ್ತದೆ. ತತ್ತ್ವ ಆಕಾಶದಿಂದ ಇಳಿಯುವುದಿಲ್ಲ, ಮಾಳಿಗೆಯಿಂದ ಸೋರುತ್ತದೆ.

ಇನ್ನು ಹಾಡುವ ಕ್ರಮ. ಹುಣಸಗಿ, ಸುರಪುರ, ಜೇವರ್ಗಿಯ ಕಡೆಗೆ ಅಮಾವಾಸ್ಯೆಯ ರಾತ್ರಿ ಗುಡಿಯಲ್ಲಿಯೋ ಮಠದಲ್ಲಿಯೋ ಭಜನೆಗೆ ಕೂಡುತ್ತಾರೆ. ಏಕತಾರಿ, ದಮ್ಮಡಿ, ತಾಳ. ಈಚೆಗೆ ಹಾರ್ಮೋನಿಯಂ, ತಬಲಾ. ಮುಂದಾಳು ಪದದ ಪಲ್ಲವಿಯನ್ನು ಎತ್ತಿಕೊಟ್ಟರೆ ಹಿಮ್ಮೇಳದವರು ಅದನ್ನು ಹಿಡಿದು ತಿರುಗಿ ಹೇಳುತ್ತಾರೆ. ಈ ತಿರುಗಿ ಹೇಳುವ ಭಾಗಕ್ಕೆ ಸೊಲ್ಲು ಎಂದು ಹೆಸರು. ಒಂದು ನುಡಿ ಮುಗಿದ ಮೇಲೆ ಮುಂದಿನ ನುಡಿಗೆ ಹೋಗಲೇಬೇಕೆಂಬ ಅವಸರವಿಲ್ಲ. ನಡುವೆ ಯಾರಾದರೂ ಒಬ್ಬರು, ‘ಅಲ್ಲಪ್ಪಾ, ಆ ಕೋಳಿ ಅಂದ್ರ ಯಾವುದು?’ ಎಂದು ತಡೆದು ಕೇಳುವುದುಂಟು. ಮುಂದಾಳು ಅರ್ಥ ಬಿಡಿಸಿ ಹೇಳಬೇಕು. ಇಲ್ಲವೆ ಉತ್ತರರೂಪವಾಗಿ ಮತ್ತೊಂದು ಪದವನ್ನೇ ಎತ್ತಬೇಕು. ಹೀಗೆ ಒಂದೇ ಪದ ಅರ್ಧ ತಾಸು ನಡೆದು, ಒಂದರಿಂದ ಮತ್ತೊಂದು ಹುಟ್ಟಿ, ಬೆಳಗಾಗುವುದೂ ಉಂಟು. ಅಲ್ಲಿ ಶ್ರೋತೃವೆಂಬ ಬೇರೆ ಜಾತಿಯಿಲ್ಲ. ಬಂದು ಕುಳಿತವನೆಲ್ಲ ಹಿಮ್ಮೇಳದವನೇ. ಧಾಟಿಯೂ ಒಂದೇ ಆಗಿರಬೇಕೆಂಬ ಕಟ್ಟಿಲ್ಲ. ಊರಿಗೊಂದು ಮಟ್ಟು, ಮೇಳಕ್ಕೊಂದು ಮಟ್ಟು. ಆದ್ದರಿಂದ ಶರೀಫರ ಪದಕ್ಕೆ ಮೂಲಧಾಟಿ ಇಂಥದೇ ಎಂದು ಹೇಳಿ, ಅದನ್ನು ಕೆಡಿಸಿದರೆಂದು ಯಾರನ್ನಾದರೂ ದೂರುವುದಕ್ಕೆ ಆಧಾರವಿಲ್ಲ.

ಈ ಲೋಕದಿಂದ ನಗರದ ಸಂಗೀತದ ಲೋಕಕ್ಕೆ ದಾರಿ ತೆರೆದದ್ದರಲ್ಲಿ ಆಕಾಶವಾಣಿಯ ಪಾಲು ಸಣ್ಣದಲ್ಲ. ಧಾರವಾಡದ ನಿಲಯ 1950ರಲ್ಲಿ, ಕಲಬುರ್ಗಿಯ ನಿಲಯ 1966ರಲ್ಲಿ ಆರಂಭವಾದವು. ಸುಗಮ ಸಂಗೀತ ಎಂಬ ಹೆಸರು ಮನೆಮಾತಾದದ್ದೇ ಆಕಾಶವಾಣಿಯಿಂದ. ಪಿ. ಕಾಳಿಂಗರಾಯರು ಹಾಕಿಕೊಟ್ಟ ಹಾದಿಯಲ್ಲಿ ಮೈಸೂರು ಅನಂತಸ್ವಾಮಿಯವರು ನಡೆದರು, 1978ರಲ್ಲಿ ಕೆ. ಎಸ್. ನಿಸಾರ್ ಅಹಮದರ ಕವಿತೆಗಳ ‘ನಿತ್ಯೋತ್ಸವ’ ಧ್ವನಿಸುರುಳಿ ಹೊರಬಂದಿತು. ಒಬ್ಬ ಕವಿಯ ರಚನೆಗಳನ್ನೇ ಒಂದು ಸುರುಳಿಯಲ್ಲಿ ಕೇಳುವ ರೂಢಿ ಕನ್ನಡದಲ್ಲಿ ಬೇರೂರಿದ್ದು ಅಲ್ಲಿಂದ. ಗ್ರಾಮೋಫೋನಿನ ಹಳೆಯ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಸುತ್ತಿದ್ದುದು ಮೂರು ನಿಮಿಷದ ಹಾಡು. ಧ್ವನಿಸುರುಳಿಯ ಒಂದು ಮಗ್ಗುಲಿಗೆ ಅರ್ಧ ತಾಸು. ಬೆಲೆ ಕಡಿಮೆ, ಒಯ್ಯುವುದಕ್ಕೆ ಸುಲಭ, ಮನೆಯಲ್ಲಿಯೇ ಪ್ರತಿ ಮಾಡಿಕೊಳ್ಳಲೂ ಬರುತ್ತಿತ್ತು. ಬಸ್ ನಿಲ್ದಾಣದ ಚಹದಂಗಡಿಗೂ ಸಂಗೀತ ಬಂದಿತು.

ಈ ಕಾಲದಲ್ಲಿ ಶರೀಫರ ಪದಗಳನ್ನು ಎತ್ತಿಕೊಂಡವರು ಸಿ. ಅಶ್ವಥ್. ಅವರು ಹುಟ್ಟಿದ್ದು 1939ರ ಡಿಸೆಂಬರ್ 29ರಂದು, ಹಾಸನದ ಕಡೆಯ ಚನ್ನರಾಯಪಟ್ಟಣದಲ್ಲಿ. ದೇವಗಿರಿ ಶಂಕರ ಜೋಶಿಯವರಲ್ಲಿ ಹಿಂದುಸ್ತಾನಿ ಸಂಗೀತವನ್ನು ಅಭ್ಯಾಸ ಮಾಡಿದವರು. ಬೆಂಗಳೂರಿನ ಭಾರತೀಯ ದೂರವಾಣಿ ಕಾರ್ಖಾನೆಯಲ್ಲಿ ನೌಕರಿಯಲ್ಲಿದ್ದುಕೊಂಡೇ ನಾಟಕಕ್ಕೂ ಚಲನಚಿತ್ರಕ್ಕೂ ಸಂಗೀತ ನೀಡಿದವರು. ಶರೀಫರ ಪದಗಳನ್ನು ಆರಿಸಿ ಅವರ ಮುಂದಿರಿಸಿ ಹುರಿದುಂಬಿಸಿದವರು ಕವಿ ಎನ್. ಎಸ್. ಲಕ್ಷ್ಮೀನಾರಾಯಣ ಭಟ್ಟರು. ಆ ಕೆಲಸಕ್ಕಾಗಿ ಅವರಿಗೆ ‘ಶರೀಫ ಭಟ್ಟರು’ ಎಂಬ ಪ್ರೀತಿಯ ಹೆಸರೇ ನಿಂತಿತು. ಗೋವಿಂದ ಭಟ್ಟರ ಶಿಷ್ಯನ ಪದಗಳಿಗೆ ಒಂದು ಶತಮಾನದ ಮೇಲೆ ಮತ್ತೊಬ್ಬ ಭಟ್ಟರು ಆಸರೆಯಾದದ್ದು ಚೆಲುವಾದ ಯೋಗಾಯೋಗ. ಹೀಗೆ 1980ರ ದಶಕದಲ್ಲಿ ಶರೀಫರ ಗೀತೆಗಳ ಧ್ವನಿಸುರುಳಿಗಳು ಮನೆಮನೆಗೆ ಬಂದವು. ಶಿವಮೊಗ್ಗ ಸುಬ್ಬಣ್ಣನವರ ಕಂಠದಲ್ಲಿಯೂ ಆ ಪದಗಳು ಜನಪ್ರಿಯವಾದವು.

ಅಶ್ವಥ್ ಮಾಡಿದ್ದೇನು? ಭಾವಗೀತೆಯ ಗಾಯನದಲ್ಲಿ ಆವರೆಗೆ ಬೆಳೆದು ಬಂದಿದ್ದ ಮೆಲುದನಿಯ ಶಿಷ್ಟಾಚಾರವನ್ನು ಅವರು ಬದಿಗಿರಿಸಿದರು. ದನಿಯನ್ನು ಬಿಚ್ಚಿ, ತಾರಸ್ಥಾಯಿಗೆ ಏರಿ, ಕೂಗಿಗೂ ಹಾಡಿಗೂ ನಡುವಿನ ಗೆರೆಯ ಮೇಲೆ ನಿಂತು ಹಾಡಿದರು. ಪದದ ಅರ್ಥ ಎಲ್ಲಿ ಬಿಗಿಯಾಗುವುದೋ ಅಲ್ಲಿ ದನಿಯೂ ಬಿಗಿಯಾಗುತ್ತದೆ. ವ್ಯಂಗ್ಯ ಬಂದೆಡೆ ಮಾತಿನ ಹತ್ತಿರಕ್ಕೆ ಇಳಿಯುತ್ತದೆ. ಭಜನೆಯಲ್ಲಿ ಮುಂದಾಳು ಅರ್ಥ ಬಿಡಿಸಿ ಹೇಳುತ್ತಿದ್ದ ಕೆಲಸವನ್ನು ಇಲ್ಲಿ ದನಿಯ ಏರಿಳಿತವೇ ನಿರ್ವಹಿಸಬೇಕಾಗಿತ್ತು. ಏಕೆಂದರೆ ಸುರುಳಿಯಲ್ಲಿ ಪದವೊಂದಕ್ಕೆ ದೊರೆಯುವುದು ಐದಾರು ನಿಮಿಷ. ತಡೆದು ಕೇಳಲು ಎದುರಿಗೆ ಯಾರೂ ಇಲ್ಲ. ಅಶ್ವಥ್ ಈ ತೊಡಕನ್ನು ಚೆನ್ನಾಗಿ ಅರಿತಿದ್ದರೆಂದು ಅವರ ಹಾಡಿಕೆಯೇ ಹೇಳುತ್ತದೆ. ಮಾಳಿಗೆಯ ಪದವನ್ನು ಅವರು ಹಾಡಿದಾಗ ಮೊದಲು ಕೇಳಿಸುವುದು ಗಾಬರಿ, ತತ್ತ್ವ ಅನಂತರ. ಪದ ಕಟ್ಟಿದವನ ಕ್ರಮವೂ ಅದೇ ಅಲ್ಲವೆ?

ಮತ್ತೊಂದು ಉಪಕಾರವನ್ನೂ ಇಲ್ಲಿ ನೆನೆಯಬೇಕು. ಹಳೆಯ ಮೈಸೂರು ಸೀಮೆಯಿಂದ ಬಂದ ಗಾಯಕರು ‘ಮನಿ’, ‘ಮಾಳಿಗಿ’ ಎಂಬ ಉತ್ತರದ ಇಕಾರಾಂತಗಳನ್ನು ‘ಮನೆ’, ‘ಮಾಳಿಗೆ’ ಎಂದು ತಿದ್ದಲು ಹೋಗಲಿಲ್ಲ. ಗ್ರಂಥಭಾಷೆ ಒರಟೆಂದು ಬಗೆದಿದ್ದ ನುಡಿಯ ರೂಪಗಳು ಬೆಂಗಳೂರಿನ ಮದುವೆಯ ಮಂಟಪಗಳಲ್ಲಿ, ಶಾಲೆಯ ವಾರ್ಷಿಕೋತ್ಸವಗಳಲ್ಲಿ ಕೇಳಿಸಿದವು. ರಾಜ್ಯದ ಗಡಿಗಳು 1956ರಲ್ಲಿ ಒಂದಾದವು. ಕಿವಿಗಳು ಒಂದಾಗಲು ಇನ್ನಷ್ಟು ಕಾಲ ಬೇಕಾಯಿತು, ಶರೀಫರಂಥವರ ಪದಗಳೂ ಬೇಕಾದವು.

1990ರಲ್ಲಿ ಟಿ. ಎಸ್. ನಾಗಾಭರಣರ ನಿರ್ದೇಶನದಲ್ಲಿ ‘ಸಂತ ಶಿಶುನಾಳ ಶರೀಫ’ ಚಲನಚಿತ್ರ ಬಂದಿತು. ಶ್ರೀಧರ್ ಶರೀಫರಾಗಿಯೂ ಗಿರೀಶ ಕಾರ್ನಾಡರು ಗೋವಿಂದ ಭಟ್ಟರಾಗಿಯೂ ಅಭಿನಯಿಸಿದ ಆ ಚಿತ್ರಕ್ಕೆ ಸಂಗೀತ ಅಶ್ವಥ್ ಅವರದೇ. ರಾಷ್ಟ್ರೀಯ ಭಾವೈಕ್ಯದ ಚಿತ್ರಕ್ಕೆಂದು ಮೀಸಲಾದ ನರ್ಗಿಸ್ ದತ್ ಪ್ರಶಸ್ತಿ ಅದಕ್ಕೆ ದೊರೆಯಿತು. ಮುಂದೆ ಗಿಟಾರು, ಡ್ರಮ್ಮುಗಳ ಕಾಲ. ರಘು ದೀಕ್ಷಿತ್ ಎಂಬ ಯುವಕರು 2008ರಲ್ಲಿ ಹೊರತಂದ ತಮ್ಮ ವಾದ್ಯವೃಂದದ ಮೊದಲ ಸಂಕಲನದಲ್ಲಿ ಸೋರುವ ಮಾಳಿಗೆಯ ಪದವನ್ನೂ ಗುಡುಗುಡಿಯ ಪದವನ್ನೂ ಸೇರಿಸಿಕೊಂಡು, ಅವನ್ನು ಇಂಗ್ಲೆಂಡಿನ ಸಂಗೀತೋತ್ಸವಗಳವರೆಗೂ ಒಯ್ದರು. ಪಂಚೆಯುಟ್ಟು, ಗೆಜ್ಜೆ ಕಟ್ಟಿ, ರಾಕ್ ಸಂಗೀತದ ಅಬ್ಬರದಲ್ಲಿ ತತ್ವಪದ ಹಾಡುವುದನ್ನು ಕಂಡು ಮೂಗು ಮುರಿದವರುಂಟು. ನನಗೆ ಅದರಲ್ಲಿ ಅಪಚಾರ ಕಾಣಲಿಲ್ಲ. ಹಿರಿಯನೊಬ್ಬನ ಧಾಟಿಗೆ ಕಟ್ಟುಬೀಳದೆ ಪದದ ಬಳಿಗೇ ಹೋಗಿ ಹೊಸ ಮಟ್ಟನ್ನು ಹುಡುಕುವುದು ಭಜನೆಯ ಮೇಳಗಳು ಮೊದಲಿನಿಂದ ಮಾಡಿಕೊಂಡು ಬಂದ ಕೆಲಸವೇ.

ಹಾಗಾದರೆ ಕಳೆದುಹೋದದ್ದೇನೂ ಇಲ್ಲವೆ? ಉಂಟು; ಅದನ್ನು ನಮ್ಮ ಊರಿನ ಕಡೆಯಿಂದ ನೋಡಿದರೆ ತಿಳಿಯುತ್ತದೆ. ನಮ್ಮ ಸುತ್ತಿನ ಹಳ್ಳಿಗಳ ಹರೆಯದ ಮೇಳಗಳಲ್ಲಿ ಈಗ ಶರೀಫರ ಹೆಸರಾಂತ ಪದಗಳು ಬಂದರೆ ಸಾಮಾನ್ಯವಾಗಿ ಕೇಳಿಸುವುದು ಧ್ವನಿಸುರುಳಿಯ ಧಾಟಿ. ಹಾಡಿನ ನಡುವೆ ಪಿಟೀಲು ಕೊಳಲುಗಳಿಗೆಂದು ಬಿಟ್ಟ ಎಡೆಯನ್ನು ಹಾರ್ಮೋನಿಯಂ ಅಷ್ಟೇ ಅಳತೆಯಲ್ಲಿ ತುಂಬುತ್ತದೆ. ಎಲ್ಲಿ ಅಶ್ವಥ್ ದನಿಯೇರಿಸಿದರೋ ಅಲ್ಲಿಯೇ ಇವರೂ ಏರಿಸುತ್ತಾರೆ. ಒಬ್ಬ ಕಲಾವಿದ ತನ್ನ ಸ್ವಾತಂತ್ರ್ಯದಿಂದ ಕಂಡುಕೊಂಡದ್ದು ಮಿಕ್ಕವರಿಗೆ ಕಟ್ಟಳೆಯಾಯಿತು. ಹಿರಿಯ ಭಜನೆಕಾರರೊಬ್ಬರು ನನ್ನೊಡನೆ ಮಾತಾಡುತ್ತ, ‘ಈಗ ಯಾರೂ ನಡುವ ತಡದು ಕೇಳೂದಿಲ್ರಿ, ಎಲ್ಲಾರೂ ಕೈ ತಟ್ಟತಾರ’ ಎಂದರು. ಧಾಟಿ ಹೋದರೆ ಮತ್ತೊಂದು ಧಾಟಿ ಹುಟ್ಟೀತು. ತಡೆದು ಕೇಳುವ ಆ ಸಲಿಗೆ ಹೋದರೆ ತತ್ವಪದದ ಅರ್ಧ ಪ್ರಾಣವೇ ಹೋದಂತೆ. ಒಗಟಿನ ಪದ ಬಿಡಿಸುವವನಿಗಾಗಿ ಕಾಯುತ್ತದೆ. ಚಪ್ಪಾಳೆ ಅದಕ್ಕೆ ಉತ್ತರವಲ್ಲ.

ಇದರ ಹೊಣೆಯನ್ನು ಗಾಯಕರ ಮೇಲೆ ಹೊರಿಸುವುದು ನ್ಯಾಯವಾಗದು. 2005ರಲ್ಲಿ ಬೆಂಗಳೂರಿನ ಅರಮನೆಯ ಮೈದಾನದಲ್ಲಿ ‘ಕನ್ನಡವೇ ಸತ್ಯ’ ಎಂಬ ಕಾರ್ಯಕ್ರಮದಲ್ಲಿ ಅಪಾರ ಜನಸ್ತೋಮದ ಮುಂದೆ ಅಶ್ವಥ್ ಹಾಡಿದಾಗ ಜನ ದನಿಗೂಡಿಸಿದ್ದನ್ನು ನೆನೆದರೆ, ಸೊಲ್ಲನ್ನು ಹಿಡಿಯುವ ಹಿಮ್ಮೇಳಕ್ಕಾಗಿ ಆ ಗಾಯನದೊಳಗೂ ಒಂದು ಹಂಬಲ ಇತ್ತೆಂದೇ ನನಗೆ ತೋರುತ್ತದೆ. 2009ರ ಡಿಸೆಂಬರ್ 29ರಂದು ಅಶ್ವಥ್ ತೀರಿಕೊಂಡರು. ಶರೀಫರ ಹಾಗೆಯೇ ಅವರಿಗೂ ಎಪ್ಪತ್ತು ತುಂಬಿದ ದಿನ, ಹುಟ್ಟಿದ ದಿನ. ಹಾಡಿದವನೂ ಕಟ್ಟಿದವನೂ ಒಂದೇ ಲೆಕ್ಕದಲ್ಲಿ ದಿನಗಳನ್ನು ಮುಗಿಸಿದರು.

ಈಗ ನಮ್ಮ ಸೀಮೆಯದೇ ಇನ್ನೊಂದು ಚಿತ್ರವನ್ನು ಇದರ ಪಕ್ಕಕ್ಕಿಟ್ಟು ನೋಡಬೇಕು. ಹುಣಸಗಿಗೆ ದೂರವಲ್ಲದ ಜೇವರ್ಗಿ ಸೀಮೆಯಲ್ಲಿ ಕಡಕೋಳವೆಂಬ ಊರಿದೆ. ಈಗ ಅದು ಯಡ್ರಾಮಿ ತಾಲ್ಲೂಕಿಗೆ ಸೇರಿದೆ. ಅಲ್ಲಿಯ ಮಡಿವಾಳಪ್ಪನವರು ಶರೀಫರಿಗಿಂತ ಒಂದು ತಲೆಮಾರು ಹಿರಿಯರು. ಅವರ ಸುತ್ತ ಒಂದು ಶಿಷ್ಯಬಳಗವೇ ಬೆಳೆಯಿತು. ಚೆನ್ನೂರ ಜಲಾಲಸಾಹೇಬ, ಖೈನೂರ ಕೃಷ್ಣಪ್ಪ, ತೆಲಗಬಾಳ ರೇವಪ್ಪ ಇವರೆಲ್ಲ ಬೇರೆ ಬೇರೆ ಜಾತಿಮತಗಳಿಂದ ಬಂದು ಒಂದೇ ಗುರುವಿನ ನೆರಳಲ್ಲಿ ಪದ ಕಟ್ಟಿದವರು. ಕಾವ್ಯಗುಣದಲ್ಲಿಯೂ ನಿಷ್ಠುರತೆಯಲ್ಲಿಯೂ ಮಡಿವಾಳಪ್ಪನವರು ಶರೀಫರಿಗೆ ಕಡಿಮೆಯವರಲ್ಲ. ಆದರೆ ಅವರ ಪದಗಳಿಗೆ ಒಬ್ಬ ಅಶ್ವಥ್ ದೊರೆಯಲಿಲ್ಲ. ಹೀಗಾಗಿ ಮೈಸೂರಿನ ಓದುಗರಿಗೆ ಮಡಿವಾಳಪ್ಪನವರು ಬರಿಯ ಹೆಸರು. ನಮ್ಮ ಕಡೆಯ ಭಜನೆಗಳಲ್ಲಿಯಾದರೋ ಅವರ ಪದಗಳಿಗೆ ಇನ್ನೂ ಊರಿಗೊಂದು ಧಾಟಿಯುಂಟು, ತಡೆದು ಕೇಳುವವರೂ ಅಷ್ಟಿಷ್ಟು ಉಂಟು.

ಎರಡರಲ್ಲಿ ಯಾವ ಪಾಡು ಮೇಲು? ನಾಡೆಲ್ಲ ಅರಿತು ಒಂದೇ ಧಾಟಿಗೆ ಕಟ್ಟುಬೀಳುವುದೋ, ಹಲವು ಧಾಟಿಗಳಲ್ಲಿ ಬಾಳಿ ಹಾಡುವ ಮುದುಕರೊಡನೆ ಮಣ್ಣಾಗುವುದೋ? ನನ್ನ ಮಟ್ಟಿಗೆ ಉತ್ತರ ಸ್ಪಷ್ಟ. ಹೊಸ ಗಾಯಕ ಎತ್ತಿಕೊಳ್ಳದ ಪದಕ್ಕೆ ಆಯುಷ್ಯ ಕಡಿಮೆ. ಆದ್ದರಿಂದ ಮಡಿವಾಳಪ್ಪನವರ ಪದಗಳನ್ನು ಸುಗಮ ಸಂಗೀತದವರೂ ಹಿಂದುಸ್ತಾನಿಯವರೂ, ಮನಸ್ಸಾದರೆ ಗಿಟಾರಿನವರೂ ಹಾಡಲಿ. ಆದರೆ ಅವರು ಹಾಡುವ ಮುನ್ನ, ಇಂದು ಬದುಕಿರುವ ಮೇಳಗಳ ಧಾಟಿಗಳನ್ನು, ಸೊಲ್ಲುಗಳನ್ನು, ನಡುವೆ ನಡೆಯುವ ಪ್ರಶ್ನೋತ್ತರಗಳನ್ನು ಸಹ ಇದ್ದದ್ದು ಇದ್ದಂತೆ ಧ್ವನಿಮುದ್ರಿಸಿ ಇಡಬೇಕು. ಈಚಿನ ವರ್ಷಗಳಲ್ಲಿ ತತ್ವಪದಗಳ ಪಠ್ಯಗಳು ಸಂಪುಟ ಸಂಪುಟವಾಗಿ ಅಚ್ಚಾಗಿವೆ. ಅದು ದೊಡ್ಡ ಕೆಲಸ. ಅಚ್ಚಿನ ಪುಟಕ್ಕೆ ಬಾರದ ಭಾಗವೊಂದು ಇನ್ನೂ ಜನರ ಗಂಟಲಲ್ಲಿದೆ. ಹಿಂದೆ ಧ್ವನಿಮುದ್ರಣಕ್ಕೆ ನಗರಕ್ಕೆ ಹೋಗಬೇಕಿತ್ತು. ಈಗ ಪ್ರತಿ ಹಳ್ಳಿಯ ಹುಡುಗನ ಅಂಗಿಯ ಜೇಬಿನಲ್ಲಿರುವ ಫೋನೇ ಆ ಕೆಲಸಕ್ಕೆ ಸಾಕು. ಬೇಕಾದದ್ದು ಒಂದು ಅಮಾವಾಸ್ಯೆಯ ರಾತ್ರಿ ನಿದ್ದೆಗೆಟ್ಟು ಕೂಡುವ ಮನಸ್ಸು.

ಹಾಗೆ ಕೂಡಿಟ್ಟರೆ ಮುಂದಿನ ಗಾಯಕನಿಗೆ ಒಂದರ ಬದಲು ಹತ್ತು ಧಾಟಿಗಳು ಎದುರಿಗಿದ್ದು, ಹನ್ನೊಂದನೆಯದನ್ನು ಹುಡುಕುವ ಧೈರ್ಯ ಬಂದೀತು. ಶರೀಫರ ಮಾಳಿಗೆ ಸೋರುವುದು ಮೇಲೆ ಮಣ್ಣು ಹಾಕುವವರಿಲ್ಲದ್ದರಿಂದ. ಪದಗಳ ಮನೆಗೂ ಆ ಮಾತು ಒಪ್ಪುತ್ತದೆ. ಮಳೆಗಾಲಕ್ಕೆ ಮುನ್ನ ಯಾರಾದರೂ ಮೇಲೇರಬೇಕು.